‘ಆತ್ರಿ’ ಅಂದರೆ ಯಾವ ಬಣ್ಣ?

ಗೆಳೆಯರೇ, ನನ್ನ ಸ್ವಭಾವ ನೀಲಿಯಂತೆ, ಇವತ್ತೇ ಗೊತ್ತಾಯಿತು. ಘಟಪ್ರಭಾದ ನಮ್ಮ ನರ್ಸರಿಯಲ್ಲಿ ಬೆಳಿಗ್ಗೆಯಿಂದ ‘ಸ್ವಭಾವ ಅರಿತು ಕೂಡಿ ದುಡಿಯಿರಿ’ ಎಂಬ ತರಬೇತಿ. ಬೆಂಗಳೂರಿನಿಂದ ಬಂದ ತರಬೇತುದಾರರು ಎಲ್ಲರ ಎದೆಗೂ ಬಣ್ಣದ ಚೀಟಿ ಅಂಟಿಸಿದರು. ಮ್ಯಾನೇಜರ್ ಕೆಂಪು, ಅಂದರೆ ಅವಸರ. ಸಸಿ ನೋಡಿಕೊಳ್ಳುವ ಯಲ್ಲಪ್ಪಕಾಕಾ ಹಸಿರು, ಅಂದರೆ ಸಮಾಧಾನ.

ಮಧ್ಯಾಹ್ನ ಹೊರಗೆ ಬಂದರೆ ಮೆಣಸಿನ ಸಸಿಗಳೆಲ್ಲ ಬಾಡಿ ಮಲಗಿದ್ದವು.

“ಏ ಕಾಕಾ, ಮುಂಜಾನೆ ನೀರ ಬಿಡು ಅಂದಾಗ ‘ಆತ್ರಿ’ ಅಂದಿದ್ದೆಲ್ಲ!” ಎಂದು ಮ್ಯಾನೇಜರ್ ಕೂಗಾಡಿದರು.

“ಆತ್ರಿ ಅಂದ್ರ ಬಿಡ್ತೇನಿ ಅಂತರಿ, ಬಿಟ್ಟೇನಿ ಅಂತಲ್ಲ. ಬಿಡಾಕ ಹೊಂಟಾಗ ಒಳಗ ಕರದು ಚೀಟಿ ಹಚ್ಚಿಸಿದವರು ನೀವ ಅಲ್ಲೇನ್ರಿ?”

ತರಬೇತುದಾರರು ನಮ್ಮನ್ನು ಮತ್ತೆ ಒಳಗೆ ಕೂರಿಸಿ, “ನೋಡಿ, ಇದೇ ಕೆಂಪು-ಹಸಿರಿನ ಘರ್ಷಣೆ,” ಎಂದು ಬೋರ್ಡಿನ ಮೇಲೆ ಗೆರೆ ಎಳೆದರು. ಎದ್ದು ಹೋಗಿ ನೀರಿನ ಪೈಪ್ ಹಿಡಿಯುವ ಬಣ್ಣ ಮಾತ್ರ ಅವರ ಪಟ್ಟಿಯಲ್ಲಿ ಇರಲಿಲ್ಲ.

ಸಂಜೆ ಕೊನೆಯದಾಗಿ ಕೇಳಿದರು: “ಎಲ್ಲರಿಗೂ ಅರ್ಥ ಆಯ್ತಾ?”

ಕೆಂಪು, ನೀಲಿ, ಹಸಿರು ಎಲ್ಲ ಒಂದೇ ದನಿಯಲ್ಲಿ ಅಂದೆವು: “ಆತ್ರಿ!”

ತರಬೇತಿ ಯಶಸ್ವಿ ಎಂದು ಬರೆದುಕೊಂಡು ಹೋದರು, ಪುಣ್ಯಾತ್ಮರು.