ಎಂಟು ಸಿಲಿಂಡರಿನ ಕೆಹರವಾ

ಇವರ ಕಿವಿ ಹೋಗುತ್ತಿದೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಡಲ್ಲಾಸಿನ ಒಂದು ಕಾರ್ ಶೋರೂಮಿನಲ್ಲಿ. ಅಲ್ಲಿಯವರೆಗೆ ನನಗಿದ್ದದ್ದು ಬೇರೆ ಅನುಮಾನ. ವರ್ಷಗಟ್ಟಲೆ ಸಂಸಾರ ಮಾಡಿದ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಕರೆದಾಗ ಗಂಡ ಓಗೊಡದಿದ್ದರೆ ಅದಕ್ಕೆ ಜಾಣ ಕಿವುಡು ಎಂದೇ ಹೇಳುತ್ತಾಳೆ. ಕಸದ ಡಬ್ಬಿ ಹೊರಗಿಡಿ ಅಂದರೆ ಇವರಿಗೆ ಕೇಳಿಸುತ್ತಿರಲಿಲ್ಲ. ಚಹಾದ ಕಪ್ಪು ಮುಂದಿಟ್ಟರೆ ಮಾತ್ರ ತಲೆ ಎತ್ತುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ಧಾರವಾಡದವರು. ಆಗ ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ಮನೆ. ಇವರದು ಯಂತ್ರದ ಬಿಡಿಭಾಗಗಳನ್ನು ಗಡಗಡ ಅಲುಗಾಡಿಸಿ, ಮುರಿಯುತ್ತವೋ ಇಲ್ಲವೋ ನೋಡುವ ಎಂಜಿನಿಯರ್ ಕೆಲಸ. ಆ ಕೆಲಸದಲ್ಲಿ ಯಾವುದನ್ನೂ ಸುಮ್ಮನೆ ನಂಬುವ ಹಾಗಿಲ್ಲ. ಅದೇ ಚಾಳಿ ಮನೆಗೂ ಬಂದಿತ್ತು. ಹಾಲಿನ ಡಬ್ಬದ ಮೇಲಿನ ತಾರೀಖನ್ನು ನಂಬುತ್ತಿರಲಿಲ್ಲ, ಮೆಕ್ಯಾನಿಕ್ಕನ್ನು ನಂಬುತ್ತಿರಲಿಲ್ಲ, ಹವಾಮಾನದ ವರದಿಯನ್ನಂತೂ ಕೇಳಲೇಬೇಡಿ. ನಾನೇನು ಕಡಿಮೆಯವಳಲ್ಲ ಬಿಡಿ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮವ್ವ ಹೇಳಿಕೊಟ್ಟಿದ್ದನ್ನು ಟೆಕ್ಸಾಸಿಗೂ ಕಟ್ಟಿಕೊಂಡು ಬಂದವಳು ನಾನು.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಭಜನೆ ನಡೆಯುತ್ತಿತ್ತು. ಹಾಡುವವರು ಯಾರೇ ಇರಲಿ, ತಬಲಾ ಇವರದೇ. ಹುಡುಗನಾಗಿದ್ದಾಗಿನಿಂದ ಕಲಿತದ್ದು, ಇವರ ಜೀವವೇ ಅದರಲ್ಲಿತ್ತು. ಆ ವರ್ಷ ಮಾತ್ರ ಸುತ್ತಿಗೆ ಹಿಡಿದು ಕೂತರೆ ಏಳುತ್ತಲೇ ಇರಲಿಲ್ಲ. ಬಡಿದು ಬಡಿದು ಶ್ರುತಿ ಮಾಡುವರು, ಅಂಚಿನ ಮೇಲೆ ‘ನಾ’ ಎಂಬ ತೆಳು ದನಿಯ ಪೆಟ್ಟು ಬಾರಿಸುವರು, ಮುಖ ಹುಳ್ಳಗೆ ಮಾಡುವರು. ಕಡೆಗೆ ಧಾರವಾಡದ ತಬಲಾ ಮಾಡುವವನಿಗೆ ಫೋನ್ ಹಚ್ಚಿ ಜಾಡಿಸಿದರು. “ಚರ್ಮ ಸತ್ತದ. ಅಮೆರಿಕಾಕ್ಕ ಹೋಗೂ ಮಾಲು, ಯಾರ ನೋಡ್ತಾರ ಅಂತ ಹಳೇದು ಕಳಿಸೀರಿ!” ಆ ಕಡೆಯಿಂದ ಅವನು, “ಇಲ್ರೀ ಸಾಹೇಬ್ರ, ಹೊಸಾದ ಅದ ರೀ, ನಾನs ಕೈಲೆ ಬಾರಿಸಿ ನೋಡಿ ಕಳಿಸೇನ್ರಿ” ಎಂದು ಗೋಗರೆಯುವುದು ಅಡುಗೆಮನೆಯಲ್ಲಿದ್ದ ನನಗೂ ಕೇಳುತ್ತಿತ್ತು. ಅವನು ಪಾಪ ಇನ್ನೊಂದು ಕಳಿಸಿದ. ಅದನ್ನೂ ಇವರು ಮೂಲೆಗೆ ಸರಿಸಿದರು.

ಕಾರಿನ ಹುಚ್ಚು ಶುರುವಾದದ್ದು ಅದೇ ವರ್ಷ. ಇವರು ಟೆಕ್ಸಾಸಿಗೆ ಓದಲು ಬಂದ ಹೊಸತರಲ್ಲಿ ಜೊತೆಯಲ್ಲಿದ್ದ ಹುಡುಗನೊಬ್ಬನ ಹತ್ತಿರ ಹಳೆಯ ಮಸಲ್ ಕಾರ್ ಇತ್ತಂತೆ. ಅರವತ್ತರ ದಶಕದ್ದು, ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನು. ಸಿಗ್ನಲ್ಲಿನಲ್ಲಿ ಅದು ನಿಂತು ಗುಡುಗುಡು ಅನ್ನುತ್ತಿದ್ದರೆ ಇವರು ಪಕ್ಕದ ಸೀಟಿನಲ್ಲಿ ಕೂತು ತೊಡೆಯ ಮೇಲೆ ಅದರ ತಾಳ ಹಾಕುತ್ತಿದ್ದರಂತೆ. “ಎಂಟು ಸಿಲಿಂಡರ್, ಎಂಟು ಮಾತ್ರೆ. ಶುದ್ಧ ಕೆಹರವಾ ತಾಳ ನೋಡು” ಎಂದು ಈ ಕತೆಯನ್ನು ಇವರು ನನಗೆ ಎಷ್ಟು ಸಲ ಹೇಳಿದ್ದರೋ. ಮಗಳು ಓದಲು ಆಸ್ಟಿನ್‌ಗೆ ಹೋಗಿ ಮನೆ ಖಾಲಿಯಾದ ಮೇಲೆ, “ಆ ಸದ್ದು ಇನ್ನೊಮ್ಮೆ ಕೇಳಬೇಕು” ಅನ್ನತೊಡಗಿದರು. ಅದೇ ಹೆಸರಿನ, ಅದೇ ಮೂತಿಯ ಹೊಸ ಕಾರುಗಳು ಆಗ ರಸ್ತೆ ತುಂಬ ಓಡಾಡುತ್ತಿದ್ದವು. ಹೋಗಿ ಒಂದನ್ನು ನೋಡಿದರೆ ಆಯಿತಲ್ಲ? ಇಲ್ಲ, ಹ್ಯೂಸ್ಟನ್ನಿನ ಶೋರೂಮಿನವರೆಲ್ಲ ಒಳಗೊಳಗೇ ಒಂದೇ ಗುಂಪು ಎಂದು ಇವರ ಗುಮಾನಿ. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ, ಭಜನೆಗೆ ರಜೆ ಹೇಳಿ, ನಾಲ್ಕು ಗಂಟೆ ದೂರದ ಡಲ್ಲಾಸಿಗೆ ಹೊರಟೆವು.

ದಾರಿಯಲ್ಲಿ ಹಿಂದಿನಿಂದ ಆಂಬ್ಯುಲೆನ್ಸ್ ಕೂಗುತ್ತ ಬಂತು. ಉಳಿದ ಕಾರುಗಳೆಲ್ಲ ಪಕ್ಕಕ್ಕೆ ಸರಿದವು, ನಮ್ಮದು ಸರಿಯಲಿಲ್ಲ. ನಾನು ಕಿರುಚಿದ ಮೇಲೆ ಇವರು ಸರಿಸಿದರು. “ಗ್ಲಾಸು ಭಾಳ ದಪ್ಪ ಮಾಡ್ಯಾರ ಈಗಿನ ಕಾರಿಗೆ. ಹೊರಗಿಂದು ಏನೂ ಒಳಗ ಬರೂದುಲ್ಲ” ಅಂದರು. ಹೌದಿರಬಹುದು ಎಂದು ನಾನೂ ನಂಬಿದೆ.

ಶೋರೂಮಿನ ಹುಡುಗ ನಗುನಗುತ್ತ ಕಿತ್ತಳೆ ಬಣ್ಣದ ಕಾರೊಂದನ್ನು ತೋರಿಸಿದ. ಹಳೆಯದಕ್ಕಿಂತ ಬಲ ಹೆಚ್ಚು, ಬ್ರೇಕು ಗಟ್ಟಿ, ಸುತ್ತಲೂ ಏರ್‌ಬ್ಯಾಗು, ಹಿಂದೆ ನೋಡಲು ಕ್ಯಾಮೆರಾ. ಇವರು ಬಾನೆಟ್ ತೆಗೆಸಿದರು. ಒಳಗೆ ಎಂಜಿನ್ನೇ ಕಾಣಿಸಲಿಲ್ಲ, ಮೇಲೊಂದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. “ಮುಚ್ಚಿಡೂದು ಯಾಕ? ಏನರೆ ಇದ್ದರs ಅಲ್ಲ ಮುಚ್ಚಿಡೂದು?” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಪಿಸುಮಾತು ಅನ್ನುವುದು ಇವರ ಲೆಕ್ಕ. ಇಡೀ ಶೋರೂಮೇ ತಿರುಗಿ ನೋಡಿತು.

ಒಳಗೆ ಕೂತು ಸ್ಟಾರ್ಟ್ ಬಟನ್ ಒತ್ತಿದರು. ಕಾರು ಹೂಂಕರಿಸಿತು, ಹಿಂದಿನ ಸೀಟಿನಲ್ಲಿದ್ದ ನನಗೆ ಎದೆ ಧಸಕ್ಕೆಂದಿತು. ಇವರು ಮತ್ತೊಮ್ಮೆ ಒತ್ತಿದರು. ಕಾರು ಸುಮ್ಮನಾಯಿತು. ಮತ್ತೆ ಒತ್ತಿದರು, ಹೂಂಕಾರ. ಒಂದು ಕ್ಷಣ ಕಾದು ಪುನಃ ಒತ್ತಿದರು, ಮೌನ. “ಸದ್ದs ಇಲ್ಲಲಾ ಇದಕ್ಕ” ಅಂದರು. ಹುಡುಗ, ಹೊಸಬರೆಲ್ಲ ಹೀಗೇ ಮಾಡುತ್ತಾರೆ ಎಂದು ನಕ್ಕು ತಾನೇ ಒತ್ತಿಕೊಟ್ಟ. ನಾನು ನಗಲಿಲ್ಲ. ಅಯ್ಯೋ ದೇವರೇ, ಇದು ಜಾಣ ಕಿವುಡಲ್ಲ ಎಂದು ನನಗೆ ಆಗ ಹೊಳೆಯಿತು. ತಬಲಾದ ಮೇಲೆ ಬಾಗಿದ ಇವರ ತಲೆ ಕಣ್ಣ ಮುಂದೆ ಬಂತು. ಹೆಂಡತಿಯ ಮಾತು ಕೇಳಿಸದಿದ್ದರೆ ಗಂಡಸು ಹೇಗಾದರೂ ಬದುಕುತ್ತಾನೆ. ತಬಲಾದ ‘ನಾ’ ಕೇಳಿಸದಿದ್ದರೆ ಇವರು ಏನು ಮಾಡುತ್ತಾರೆ?

ಮಗಳಿಗೆ ಫೋನ್ ಮಾಡಿ ಹೇಳಿಕೊಂಡೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಏನೋ ಹುಡುಕಿ ನೋಡಿ ಹೇಳಿದ್ದು ಬೇರೆಯೇ ವಿಷಯ. ಈಗಿನ ಕೆಲವು ಕಾರುಗಳಲ್ಲಿ ಒಳಗೆ ಕೂತವರಿಗೆ ಕೇಳುವ ಎಂಜಿನ್ನಿನ ಸದ್ದನ್ನು ಸ್ಪೀಕರಿನಿಂದಲೂ ಹೊರಡಿಸುತ್ತಾರಂತೆ. “ಅಪ್ಪಾ ಇಸ್ ರೈಟ್, ಅಮ್ಮಾ. ಇಟ್ಸ್ ಪಾರ್ಟ್‌ಲಿ ಫೇಕ್.” ತಗೊಳ್ಳಿ! ಇದನ್ನು ಕೇಳಿ ಇವರು ಮನೆಯಲ್ಲೆಲ್ಲ ಕುಣಿದಾಡಿದರು. “ನಾ ಹೇಳಲಿಲ್ಲೇನು? ಎಂಜಿನ್ನಿನ ಬದಲಿ ರೇಡಿಯೋ ಇಟ್ಟು ಮಾರ್ಲಿಕತ್ಯಾರ! ಖರೇ ಸದ್ದಿನ ಕಿವಿ ಇದ್ದವರಿಗೆ ಇದು ತಟ್ಟನೆ ಗೊತ್ತಾಗ್ತದ.” ಭಜನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ನನಗೆ ನನ್ನ ಅನುಮಾನದ ಮೇಲೆಯೇ ಅನುಮಾನ ಬಂತು. ನಾನೇ ಹಾಳು ಮನಸ್ಸಿನವಳು, ಇಲ್ಲದ್ದನ್ನು ಊಹಿಸಿಕೊಂಡೆನೇ ಎಂದು ಒಂದು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆಮೇಲೆ ಕುಕ್ಕರಿನ ಪ್ರಸಂಗ ನಡೆಯಿತು. ನಾನು ಸ್ನಾನಕ್ಕೆ ಹೋಗುವಾಗ ಮೂರು ಸೀಟಿ ಆದಮೇಲೆ ಆಫ್ ಮಾಡಿ ಎಂದು ಎದುರಿಗೆ ನಿಂತು ಹೇಳಿದ್ದೆ. ಬಾತ್‌ರೂಮಿನ ಬಾಗಿಲು ಹಾಕಿದ್ದರೂ ನನಗೆ ಸೀಟಿ ಕೇಳುತ್ತಲೇ ಇತ್ತು. ಒದ್ದೆ ತಲೆಯಲ್ಲಿ ಓಡಿ ಬಂದರೆ ಇವರು ಕುಕ್ಕರಿನಿಂದ ನಾಲ್ಕು ಹೆಜ್ಜೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬೇಳೆ ಕರಗಿ ನೀರಾಗಿತ್ತು. “ಸೀಟಿನೇ ಆಗ್ಲಿಲ್ಲ. ನೀ ತಂದ ಹೊಸಾ ಗ್ಯಾಸ್ಕೆಟ್ ಡುಪ್ಲಿಕೇಟ್ ಅದ” ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಮ್ಮೆ ಡಾಕ್ಟರಿಗೆ ಕಿವಿ ತೋರಿಸೋಣ ಎಂದು ಮಾತ್ರ ಎದುರು ನಿಂತು ಮೆತ್ತಗೆ ಹೇಳಿದೆ. ಆ ಮಾತು ಚೆನ್ನಾಗಿಯೇ ಕೇಳಿಸಿತು. “ನನ್ನ ಕಿವಿಗೆ ಏನ ಧಾಡಿ? ಆ ಡಾಕ್ಟರುಗಳು ಕಿವೀ ಮಷೀನ್ ಮಾರ್ಲಿಕ್ಕೆ ಕೂತಿರ್ತಾರ” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಹೊಸದೆಲ್ಲ ಮೋಸ ಎಂದು ತೀರ್ಮಾನವಾದ ಮೇಲೆ ಹಳೆಯದರ ಹುಡುಕಾಟ ಶುರುವಾಯಿತು. ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿ ಒಬ್ಬ ಮುದುಕನ ಬಳಿ ಅರವತ್ತರ ದಶಕದ್ದೇ ಒಂದು ಕಾರು ಮಾರಾಟಕ್ಕಿದೆ ಎಂದು ತಿಳಿಯಿತು. ಮಗಳನ್ನೂ ಕರೆದುಕೊಂಡು ಹೋದೆವು. ಒಂದೇ ಅಚ್ಚಿನ ಮನೆಗಳ ನಡುವೆ ಒಂದು ಗ್ಯಾರೇಜಿನ ಮುಂದೆ ಅದು ನಿಂತಿತ್ತು, ಕಡು ನೀಲಿ. ಹೊಸದರ ಮುಂದೆ ಇದು ತೆಳ್ಳಗೆ, ತಗ್ಗಾಗಿ ಕಾಣುತ್ತಿತ್ತು. ಫೋಟೋದಲ್ಲಿ ನೋಡಿ ದೊಡ್ಡದೆಂದುಕೊಂಡಿದ್ದೆ. ಸೊಂಟಕ್ಕೆ ಮಾತ್ರ ಬೆಲ್ಟು, ಭುಜಕ್ಕಿಲ್ಲ. ಸ್ಟೀರಿಂಗು ರೊಟ್ಟಿ ಹಂಚಿನಷ್ಟು ಅಗಲ. ಒಳಗೆಲ್ಲ ಪೆಟ್ರೋಲಿನ ವಾಸನೆ. ಏಸಿ ಇಲ್ಲ, ಟೆಕ್ಸಾಸಿನ ಬೇಸಿಗೆಯಲ್ಲಿ! ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕದಿಂದ ನೆಲವೇ ಕಾಣುತ್ತಿತ್ತು. “ನೋಡು, ಏನೂ ಮುಚ್ಚಿಟ್ಟಿಲ್ಲ” ಎಂದು ಇವರ ಮುಖ ಅರಳಿತು.

ಓಡಿಸಿ ನೋಡಿದರು, ನಾವು ಅಮ್ಮ ಮಗಳು ಹಿಂದೆ ಮುದುರಿ ಕೂತೆವು. ನಿಜ ಹೇಳಬೇಕೆಂದರೆ ಓಡಿಸುವುದರಲ್ಲಿ ಹೊಸದೇ ಎಲ್ಲ ರೀತಿಯಲ್ಲೂ ಮೇಲು. ಇದು ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತಿತ್ತು, ತಿರುವಿನಲ್ಲಿ ದೋಣಿಯ ಹಾಗೆ ವಾಲುತ್ತಿತ್ತು. ಆದರೆ ಸೀಟು, ಬಾಗಿಲು, ನೆಲ, ನಮ್ಮ ಹಲ್ಲುಗಳ ಸಮೇತ ಎಲ್ಲ ನಡುಗುತ್ತಿದ್ದವು. ಇವರು ಎಡಗೈಯನ್ನು ಬಾಗಿಲಿಗೆ ಒತ್ತಿ ಇಟ್ಟುಕೊಂಡು, ಬಲಗೈ ಬೆರಳಿನಿಂದ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದರು. “ಇದು ಮಾತಾಡ್ತದ! ಕೇಳಿದ್ಯಾ?” ಎಂದು ಕೂಗಿದರು. ಮಗಳು ನನ್ನ ಮುಖ ನೋಡಿದಳು. ಇವರು ಕೇಳುತ್ತಿದ್ದದ್ದು ಕಿವಿಯಿಂದಲ್ಲ, ಅಂಗೈಯಿಂದ ಎಂದು ನಮ್ಮಿಬ್ಬರಿಗೂ ಆಗಲೇ ಹೊಳೆದಿತ್ತು.

ವಾಪಸು ಬಂದು ಕಾರು ಆಫ್ ಮಾಡಿ ಇಳಿದೆವು. ದೂರದಿಂದ ಹೇಗೆ ಕಾಣುತ್ತದೆ ನೋಡುತ್ತೇನೆಂದು ಇವರು ಬೆನ್ನು ಹಾಕಿ ರಸ್ತೆಯ ಆ ಬದಿಗೆ ನಡೆದರು. ಅಷ್ಟರಲ್ಲಿ ಮುದುಕ, ನಿಂತಲ್ಲಿ ಎಷ್ಟು ಸಮವಾಗಿ ಓಡುತ್ತದೆ ಎಂದು ತೋರಿಸಲು ಕಾರನ್ನು ಚಾಲೂ ಮಾಡಿ ಇಳಿದ. ಗುಡುಗುಡು ಎಂದು ಇಡೀ ಬೀದಿಗೆ ಕೇಳುತ್ತಿತ್ತು. ಇವರು ತಿರುಗಿ ಬಂದರು, ಕಿಟಕಿಯೊಳಗೆ ಕೈ ತೂರಿಸಿದರು, ಓಡುತ್ತಿರುವ ಎಂಜಿನ್ನಿಗೆ ಮತ್ತೆ ಕೀಲಿ ತಿರುವಿದರು.

ಆ ಸದ್ದನ್ನು ಹೇಗೆ ಹೇಳಲಿ! ಕಬ್ಬಿಣವನ್ನು ಕಬ್ಬಿಣ ಅಗಿದಂತೆ ಕರ್‍ರ್‍ರ್‍ ಎಂದು ಚೀರಿತು. ಮುದುಕ ಎರಡೂ ಕೈ ಮೇಲೆತ್ತಿದ. ಅವನ ನಾಯಿ ಗ್ಯಾರೇಜಿನೊಳಗೆ ಓಡಿತು. ಡಲ್ಲಾಸಿನ ಹೊಸ ಕಾರು ಇದೇ ತಪ್ಪಿಗೆ ಸದ್ದಿಲ್ಲದೆ ಆಫ್ ಆಗಿ ಇವರ ಮಾನ ಕಾಪಾಡಿತ್ತು, ಈ ಹಳೆಯದು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿತು. ಇವರು ಮಾತ್ರ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ತಿರುವಿದರು, ಮತ್ತೆ ಅದೇ ಚೀರಾಟ. ಆಮೇಲೆ ನನ್ನ ಕಡೆ ತಿರುಗಿ, “ಬ್ಯಾಟರಿ ಸತ್ತದ. ಈ ಮುದುಕ ನಮ್ಮನ್ನ ಮೋಸ ಮಾಡ್ಲಿಕತ್ಯಾನ, ನಡೀ ಹೋಗೂಣು” ಅಂದರು.

“ಅಮ್ಮಾ, ಇಟ್ಸ್ ಆಲ್‌ರೆಡಿ ರನ್ನಿಂಗ್” ಎಂದಳು ಮಗಳು. ನನಗೆ ಸಿಟ್ಟು ಬರಲಿಲ್ಲ, ಗಾದೆ ನೆನಪಾಗಲಿಲ್ಲ, ಅಳುವೇ ಬಂತು. ನಾನು ಇವರ ಕೈ ಹಿಡಿದು ಕೀಲಿಯಿಂದ ಬಿಡಿಸಿ, ಬಾನೆಟ್ಟಿನ ಮೇಲೆ ಇಟ್ಟೆ.

ಬಾನೆಟ್ಟು ನಡುಗುತ್ತಿತ್ತು. ಇವರು ಅದನ್ನೇ ನೋಡುತ್ತ ನಿಂತರು. “ಯಾವಾಗ ಚಾಲೂ ಮಾಡಿದಾ?” ಎಂದು ಕೇಳಿದರು. ನೀವು ಆ ಕಡೆ ಹೋದಾಗ ಎಂದು ಕೈ ತೋರಿಸಿ ಹೇಳಿದೆ. ತಲೆ ಆಡಿಸಿದರು. ಕೈ ಮಾತ್ರ ಅಲ್ಲಿಂದ ಬಹಳ ಹೊತ್ತು ತೆಗೆಯಲಿಲ್ಲ. ಕಡೆಗೆ ತಾವೇ ಹೋಗಿ ಮುದುಕನ ಕ್ಷಮೆ ಕೇಳಿದರು. ಕಾರು ಬಹಳ ಚೆನ್ನಾಗಿದೆ, ಅದನ್ನು ಕೇಳಿ ಖುಷಿಪಡುವವರಿಗೇ ಕೊಡಿ ಎಂದು ಹೇಳಿ ಬಂದರು.

ಮಗಳನ್ನು ಅವಳ ರೂಮಿಗೆ ಬಿಟ್ಟು ಹ್ಯೂಸ್ಟನ್ನಿಗೆ ಹೊರಟಾಗ ನಮ್ಮ ಕಾರಿನ ಕೀಲಿಯನ್ನು ಇವರು ನನ್ನ ಕೈಗೆ ಕೊಟ್ಟರು. ಅಷ್ಟು ದೂರ ನಾನು ಓಡಿಸಿದ್ದೇ ಇಲ್ಲ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡು ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ ತಮ್ಮಷ್ಟಕ್ಕೆ ಅಂದುಕೊಂಡ ಹಾಗೆ, “ಆ ತಬಲಾದವಗ ಫೋನ್ ಮಾಡಬೇಕು. ಪಾಪ, ಅಂವಂದೇನೂ ತಪ್ಪಿದ್ದಿಲ್ಲ. ಭಾಳ ಬೈದೆ ಅವಗ” ಅಂದರು.

“ನಾಳೆ ಮಾಡೂಣಂತ ರೀ” ಎಂದೆ. ಇವರು ರಸ್ತೆಯನ್ನೇ ನೋಡುತ್ತಿದ್ದರು. ಮೊಣಕಾಲು ಮುಟ್ಟಿದೆ, ನನ್ನ ಕಡೆ ತಿರುಗಿದರು, ಇನ್ನೊಮ್ಮೆ ಹೇಳಿದೆ.