ತಾತನ ಬ್ಯಾರಕ್ ರೊಟ್ಟಿ

ನಮ್ಮ ತಾತ ಚಿಕ್ಕಂದಿನಲ್ಲಿ ಬಳ್ಳಾರಿಯ ದಂಡಿನ ಬ್ಯಾರಕ್ಕಿಗೆ ದಿನಾ ಮಜ್ಜಿಗೆ ಹಾಕುತ್ತಿದ್ದರು. ಆಗ ಅಲ್ಲಿದ್ದವರು ಐರ್ಲೆಂಡಿನ ಸಿಪಾಯಿಗಳು. ಅವರ ಅಡುಗೆಯವನೊಬ್ಬ ಗೋಧಿ ಹಿಟ್ಟಿಗೆ ಸೋಡ, ಮಜ್ಜಿಗೆ ಹಾಕಿ ಕಲಸಿ ದಪ್ಪ ರೊಟ್ಟಿ ಸುಡುವುದನ್ನು ತಾತನಿಗೆ ಕಲಿಸಿದನಂತೆ. ಸಿಪಾಯಿಗಳು ಹೋದರು, ಕೈದಿಗಳು ಬಂದರು. ನಾನು ಕಣ್ಣು ಬಿಡುವ ಹೊತ್ತಿಗೆ ಅದೇ ಬ್ಯಾರಕ್ಕಿನಲ್ಲಿ ಸರ್ಕಾರಿ ಕಡತಗಳು ಸಂಸಾರ ಹೂಡಿದ್ದವು. ರೊಟ್ಟಿ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಸುಡುವ ಮುನ್ನ ತಾತ ಅದರ ಮೇಲೆ ಚಾಕುವಿನಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಗೀರು ಹಾಕುತ್ತಿದ್ದರು. ಯಾಕೆಂದು ನಾವ್ಯಾರೂ ಕೇಳಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನನ್ನು ನೋಡಲು ಸಿರುಗುಪ್ಪದಿಂದ ಹುಡುಗ, ಅವನ ಜೊತೆ ಕುರುಗೋಡಿನ ಸೋದರಮಾವ, ಆ ಮಾವನ ತಾಯಿಯಾದ ಅಜ್ಜಿ ಬಂದರು. ಹುಡುಗ ಫೋಟೋದಲ್ಲೇ ನನಗೆ ಹಿಡಿಸಿಬಿಟ್ಟಿದ್ದ. ಉಪ್ಪಿಟ್ಟು ಸಾಕೆಂದು ಅವ್ವ ಎಷ್ಟು ಹೇಳಿದರೂ ಕೇಳದೆ ತಾತ ರೊಟ್ಟಿ ಸುಟ್ಟು, ಬೆಣ್ಣೆ ಸಮೇತ ತಂದಿಟ್ಟರು. ಸೋದರಮಾವ ಚಾಚಿದ ಕೈ ಹಿಂದಕ್ಕೆಳೆದುಕೊಂಡರು.

"ಯಜಮಾನ್ರ, ಇದೇನ್ರಿ? ಕೊರಳಾಗ ಲಿಂಗ, ರೊಟ್ಟಿ ಮ್ಯಾಲ ಶಿಲುಬಿ! ನೀವು ಯಾವ ಕಡಿಯವ್ರು ಅಂತ ಮೊದ್ಲ ಹೇಳಿಬಿಡ್ರಿ."

ಬಾಗಿಲ ಮರೆಯಿಂದ ನಾನು ಇಣುಕಿದೆ. ಇಷ್ಟಕ್ಕೇ ಸಂಬಂಧ ಮುರಿಯಿತೇ? ತಾತನೋ, ಬ್ಯಾರಕ್ಕಿನ ಚರಿತ್ರೆಯನ್ನೇ ಬಿಚ್ಚಿದರು: ಮಜ್ಜಿಗೆ ಕೊಡ, ಕವಾಯತು, ಬಿಸಿಲಿಗೆ ಸುಲಿದ ಸಿಪಾಯಿಗಳ ಮೂಗು.

"ಮಾವಾ, ಸಾಕ್ ಮಾಡ್ರಿ," ಅವ್ವ ತಾತನಿಗೆ ಪಿಸುಗುಟ್ಟಿದಳು.

ಅಷ್ಟರಲ್ಲಿ ಅಜ್ಜಿ ಗೀರಿನ ಮೇಲೆ ಬೆರಳಾಡಿಸಿ, ಮಗನತ್ತ ತಿರುಗಿದರು. "ಲೇ, ಸುಮ್ನ ಕುಂದ್ರು. ಇಷ್ಟು ದಪ್ಪ ಐತಿ, ಗೀರು ಹಾಕದಿದ್ರ ನಡುವ ಹಸಿ ಉಳಿತೈತಿ. ಒಂದಿನಾರ ಒಲಿ ಮುಂದ ಕುಂತಿದ್ರ ನಿನಗ ತಿಳೀತಿತ್ತು."

ಅಜ್ಜಿ ಗೀರಿನಗುಂಟ ರೊಟ್ಟಿಯನ್ನು ನಾಲ್ಕಾಗಿ ಮುರಿದರು. ಮಗನಿಗೊಂದು, ಮೊಮ್ಮಗನಿಗೊಂದು, ತಮಗೊಂದು. ನಾಲ್ಕನೆಯದನ್ನು ಹಿಡಿದು, "ಎಲ್ಲವ್ವ ಹುಡುಗಿ? ಬಾ ಇಲ್ಲಿ. ಇದನ್ನ ಸುಡಾಕ ಬರ್ತೈತೇನು ನಿನಗ?" ಎಂದರು.

"ಇಲ್ರಿ," ಅಂದೆ.

"ಕಲ್ತುಕೊಂಡ ಬಾ. ಮದುವಿಗೆ ಇನ್ನೂ ಒಂದು ತಿಂಗಳಾರ ಬೇಕಲ್ಲ."

ಸೋದರಮಾವ ಆಗಲೇ ಬೆಣ್ಣೆಗೆ ಕೈ ಹಾಕಿದ್ದರು.

ಆ ಒಂದು ತಿಂಗಳು ನಾನು ಸುಟ್ಟಿದ್ದನ್ನೆಲ್ಲ ತಾತನೇ ತಿಂದರು. ಮೊದಲ ದಿನದ ರೊಟ್ಟಿ ಅಗಿಯಲಾಗದೆ ಮಜ್ಜಿಗೆಯಲ್ಲಿ ನೆನೆಹಾಕಿ, "ನಿನ್ನ ರೊಟ್ಟಿ ತಿಂದಿದ್ರ ಐರ್ಲೆಂಡ್‌ನೋರು ಅವತ್ತ ಬ್ಯಾರಕ್ ಖಾಲಿ ಮಾಡ್ತಿದ್ರು ನೋಡವ್ವ," ಅಂದರು.