ಭಾಗ್ಯ ಓದಿ ಕಲಿತ ಪದಗಳು

ಭಾಗ್ಯ ಆ ಪ್ರಬಂಧವನ್ನು ಎಲ್ಲಿಂದಲೂ ನಕಲು ಮಾಡಿರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಆಗ ನಾನು ಬೆಟ್ಟದಪುರದ ಬಳಿಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಭಾಗ್ಯ ಹತ್ತನೇ ತರಗತಿ. ತಾಯಿ ಹೊಗೆಸೊಪ್ಪಿನ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಯಾರಿಗೂ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಅವಳಿಗೆ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟವಳು ನಾನೇ. "ಡಿಕ್ಷನರಿ ಮುಟ್ಟಬೇಡ, ಓದ್ತಾ ಹೋಗು. ಒಂದೇ ಪದ ನಾಲ್ಕು ಕಡೆ ಸಿಕ್ಕಿದ್ರೆ ಅರ್ಥ ತಾನಾಗೇ ತಿಳಿಯುತ್ತೆ" — ಇದೂ ನನ್ನದೇ ಮಾತು.

ಒಂದು ದಿನ ಸ್ಟಾಫ್ ರೂಮಿಗೇ ಓಡಿಬಂದಳು. "ಮಿಸ್, ರಿಲಕ್ಟೆಂಟ್ ಅಂದ್ರೇನು ಅಂತ ಗೊತ್ತಾಯ್ತು! ಕತೇಲಿ ಆ ಉಡ್ಗಿ ಊರು ಬುಟ್ಟು ಹೊಂಟಾಗ ಬಂತು, ಅಜ್ಜ ಕುದ್ರೆ ಮಾರುವಾಗ್ಲೂ ಅದೇ ಬಂತು. ಮನಸಿಲ್ದಿದ್ರೂ ಮಾಡಾದು — ಅಲ್ವಾ ಮಿಸ್?"

ಆ ವರ್ಷ ಹುಣಸೂರಿನಲ್ಲಿ ಇಂಗ್ಲಿಷ್ ಪ್ರಬಂಧ ಸ್ಪರ್ಧೆ. ಬೇರೆ ಶಾಲೆಯಿಂದ ನನ್ನ ಮಗಳೂ ಬಂದಿದ್ದಳು. ಭಾಗ್ಯಳದು ಮೊದಲ ಸ್ಥಾನ, ಮಗಳದು ಎರಡನೆಯದು. ಆದರೆ ತೀರ್ಪುಗಾರರಿಗೆ ಅನುಮಾನ ಬಂತು. ಎಲ್ಲರೆದುರೇ ಕೇಳಿದರು: "ಇಂಥಾ ಪದಗಳನ್ನೆಲ್ಲ ಎಲ್ಲಿಂದ ಇಳಿಸಿದೆಯಮ್ಮ?"

"ಓದ್ಕೊಂಡೇ ಕಲ್ತದ್ದು ಸಾ. ನಮ್ ಮಿಸ್‌ನೇ ಕೇಳಿ."

ಅವರು ನನ್ನತ್ತ ತಿರುಗಿದರು. ಭಾಗ್ಯ ನಗುತ್ತಿದ್ದಳು — ನಾನಿದ್ದೇನೆಂಬ ಧೈರ್ಯದಲ್ಲಿ. ನನ್ನ ಕಣ್ಣು ಮಗಳ ಕಡೆ ಹೋಯಿತು.

"ನನಗೆ ಗೊತ್ತಿಲ್ಲ ಸಾರ್" ಅಂದೆ.

ಭಾಗ್ಯಳ ನಗು ತಕ್ಷಣ ಹೋಗಲಿಲ್ಲ. ನಾನು ಇನ್ನೇನೋ ಹೇಳುತ್ತೇನೆಂದು ಸ್ವಲ್ಪ ಹೊತ್ತು ಕಾದಳು... ಮೊದಲ ಬಹುಮಾನ ಮಗಳ ಕೈಗೆ ಬಂತು. ನಾನು ಚಪ್ಪಾಳೆಯನ್ನೂ ತಟ್ಟಿದೆ. ಮರುದಿನ ಭಾಗ್ಯ, ಆಗ ಓದುತ್ತಿದ್ದ ಕಥೆಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಅರ್ಧದಲ್ಲಿ ಒಂದು ಪುಟದ ಮೂಲೆ ಮಡಿಸಿಯೇ ಇತ್ತು. ಮತ್ತೆ ಯಾವ ಪುಸ್ತಕವನ್ನೂ ಕೇಳಲಿಲ್ಲ.

ನಿವೃತ್ತಳಾದ ಮೇಲೆ, ಕಳೆದ ತಿಂಗಳು, ವಿಚಾರಿಸಿಕೊಂಡು ಹಂಪಾಪುರಕ್ಕೆ ಹೋದೆ. ಅಲ್ಲಿ ಅವಳದೊಂದು ಟೈಲರಿಂಗ್ ಅಂಗಡಿ. ಟೀ ತರಿಸಿದಳು. ಮಗಳ ವಿಷಯವನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಹೊಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ನಿಮ್ಗೆ ನಿಜ್ವಾಗ್ಲೂ ನನ್ ಮೇಲೆ ಅನುಮಾನ ಬಂದಿತ್ತು ಅಂದ್ಕೊಂಡಿದ್ದೆ ಮಿಸ್. ನಾನೇ ಎಲ್ಲೋ ನಂಬ್ಕೆ ಕಳ್ಕೊಂಡೆ ಅಂತ ಇಷ್ಟ್ ವರ್ಸ ಕೊರಗಿದ್ದೀನಿ. ಗೊತ್ತಿದ್ದೂ ಅಂಗಂದ್ರಾ?"

"ಹೂಂ."

"ಟೀ ಆರೋಯ್ತದೆ, ಕುಡೀರಿ" ಅಂದು ಮತ್ತೆ ಮಿಷನ್ ತುಳಿಯತೊಡಗಿದಳು. ನನ್ನ ಕಡೆ ನೋಡಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗೂ ಇರಲಿಲ್ಲ.

ಮಗಳ ಮನೆಯ ಗೋಡೆಯ ಮೇಲೆ ಆ ಸರ್ಟಿಫಿಕೇಟು ಇವತ್ತಿಗೂ ಇದೆ. ಅದು ತನಗೇ ಸಲ್ಲಬೇಕಾದದ್ದೆಂದು ಅವಳು ನಂಬಿದ್ದಾಳೆ. ಈ ಭಾನುವಾರ ಹೋಗಿ ನಿಜ ಹೇಳುತ್ತೇನೆ. ಅವಳೂ ನನ್ನೊಡನೆ ಮಾತು ಬಿಡಬಹುದು — ಬಿಡಲಿ.